ಪೋ ನದಿಯ ದಡಕ್ಕೆ ಬಂದ ಕ್ಯಾಲಿಫೋರ್ನಿಯಾದ ಕೊಲೆ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸೇರಿದ್ದವು: ಒಂದು ದೇಶದಲ್ಲಿ ಹುಟ್ಟಿದ ಅಪರಾಧ ಕಥೆಯನ್ನು, ಅದರಲ್ಲೂ ‘ನ್ವಾರ್’ ಎಂದು ಹೆಸರಾದ ಕತ್ತಲ ಜಾಡಿನ ಕಥೆಯನ್ನು, ಮತ್ತೊಂದು ದೇಶದ ಸಿನಿಮಾ ಎತ್ತಿಕೊಂಡಾಗ ಏನಾಗುತ್ತದೆ ಎಂಬುದು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ, ಇಲ್ಲಿ ಇದೊಂದನ್ನೇ ವಿಸ್ತಾರವಾಗಿ ನೋಡಿದ್ದೇನೆ.

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ಇಟಲಿಯ ನಿರ್ದೇಶಕ ಲುಕೀನೊ ವಿಸ್ಕೊಂಟಿ ಅವರ ‘ಒಸ್ಸೆಸ್ಸಿಯೋನೆ’ ನೋಡಿದೆವು. ಅದಕ್ಕೆ ಅಮೆರಿಕದ ಕಾದಂಬರಿಯೊಂದು ಆಧಾರವೆಂದು ಪರಿಚಯಿಸಿದವರು ಹೇಳಿದರು. ಚಿತ್ರದಲ್ಲಿ ಅಮೆರಿಕದ ಸುಳಿವೇ ನನಗೆ ಕಾಣಲಿಲ್ಲ. ಹಾಗಾದರೆ ಅವರು ಆ ಕಾದಂಬರಿಯಿಂದ ತೆಗೆದುಕೊಂಡದ್ದಾದರೂ ಏನು? — ಧಾರವಾಡದ ಓದುಗರು

ಉತ್ತರ: ಕಥೆಯ ಎಲುಬುಗೂಡನ್ನು ಅವರು ಪೂರ್ತಿಯಾಗಿಯೇ ತೆಗೆದುಕೊಂಡರು. ಜೇಮ್ಸ್ ಎಂ. ಕೇನ್ ಅವರ ‘ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್’ 1934ರಲ್ಲಿ ಪ್ರಕಟವಾದ, ನೂರು ಪುಟಗಳ ಆಸುಪಾಸಿನ ಪುಟ್ಟ ಕಾದಂಬರಿ. ಕೆಲಸವಿಲ್ಲದೆ ಅಲೆಯುವ ಫ್ರಾಂಕ್ ಎಂಬ ಯುವಕ ಲಾಸ್ ಏಂಜಲೀಸ್ ಹೊರವಲಯದ ಹೆದ್ದಾರಿ ಬದಿಯ ಊಟದ ಹೋಟೆಲೊಂದಕ್ಕೆ ಬರುತ್ತಾನೆ. ಹೋಟೆಲಿನ ಮಾಲೀಕ ಗ್ರೀಸ್ ದೇಶದಿಂದ ವಲಸೆ ಬಂದವನು. ಅವನ ಹೆಂಡತಿ ಕೋರಾ. ಈ ಇಬ್ಬರೂ ಸೇರಿ ಗಂಡನನ್ನು ಕೊಂದು ಅದನ್ನು ಕಾರು ಅಪಘಾತವೆಂದು ತೋರಿಸುತ್ತಾರೆ, ಕಾನೂನಿನಿಂದ ಪಾರಾಗುತ್ತಾರೆ. ಕೊನೆಗೆ ನಿಜವಾದ ಕಾರು ಅಪಘಾತದಲ್ಲಿ ಬಸುರಿ ಕೋರಾ ಸತ್ತಾಗ ಫ್ರಾಂಕ್ ಮಾಡದ ಕೊಲೆಗಾಗಿ ಮರಣದಂಡನೆಗೆ ಗುರಿಯಾಗುತ್ತಾನೆ. ವಿಸ್ಕೊಂಟಿಯವರ ಚಿತ್ರದಲ್ಲಿಯೂ ಜೀನೊ ಎಂಬ ಅಲೆಮಾರಿ ಇದ್ದಾನೆ, ರಸ್ತೆ ಬದಿಯ ಹೋಟೆಲು ಮತ್ತು ಪೆಟ್ರೋಲ್ ಪಂಪು ಇವೆ, ಕೊಲೆ ಇದೆ, ವಿಮೆಯ ಹಣವಿದೆ, ಬಸುರಿ ಹೆಂಗಸಿನ ಸಾವಿದೆ.

ಆದರೂ ಅಮೆರಿಕ ಕಾಣುವುದಿಲ್ಲ ಎಂದು ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ವಿಸ್ಕೊಂಟಿ ಪ್ಯಾರಿಸಿನಲ್ಲಿ ಫ್ರೆಂಚ್ ನಿರ್ದೇಶಕ ಝಾಂ ರೆನ್ವಾರ್ ಅವರ ಸಹಾಯಕರಾಗಿದ್ದರು. ಕೇನ್ ಕಾದಂಬರಿಯ ಫ್ರೆಂಚ್ ಅನುವಾದವನ್ನು ಅವರ ಕೈಗೆ ಕೊಟ್ಟವರು ರೆನ್ವಾರ್ ಅವರೇ. ವಿಸ್ಕೊಂಟಿ ಮೊದಲು ಚಿತ್ರ ಮಾಡಬೇಕೆಂದಿದ್ದುದು ಸಿಸಿಲಿಯ ಹಳ್ಳಿಗಳ ಕಥೆಗಾರ ಜೊವಾನ್ನಿ ವೆರ್ಗಾ ಅವರ ಒಂದು ಕಥೆಯನ್ನು. ಡಕಾಯಿತನೊಬ್ಬನ ಆ ಕಥೆಗೆ ಮುಸೊಲಿನಿ ಸರ್ಕಾರದ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಆಗ ಅವರು ಮತ್ತು ಜುಸೆಪ್ಪೆ ದೆ ಸಾಂತಿಸ್, ಮಾರಿಯೊ ಅಲಿಕಾತಾ, ಜಾನ್ನಿ ಪುಚ್ಚೀನಿ ಮುಂತಾದ ಗೆಳೆಯರು ಈ ಅಮೆರಿಕನ್ ಕಥೆಯತ್ತ ತಿರುಗಿದರು. ತಮ್ಮ ನಾಡಿನ ಬಡತನವನ್ನು ತಮ್ಮದೇ ಲೇಖಕನ ಮೂಲಕ ತೋರಿಸಲು ಬಿಡದ ಕಾಲದಲ್ಲಿ ಪರದೇಶದ ಅಪರಾಧ ಕಥೆ ಅವರಿಗೆ ದಾರಿ ಮಾಡಿಕೊಟ್ಟಿತು. ಈ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲವೆಂದು ನನ್ನ ಭಾವನೆ.

1942ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಅವರು ಸ್ಟುಡಿಯೋ ಬಿಟ್ಟು ಫೆರಾರಾ ಸುತ್ತಲಿನ ಪೋ ನದಿಯ ಬಯಲಿಗೂ ಆಂಕೋನಾ ಬಂದರಿಗೂ ಹೋಗಿ ಚಿತ್ರೀಕರಿಸಿದರು. ಅಲ್ಲಿಗೆ ಬಂದ ಮೇಲೆ ಪಾತ್ರಗಳು ಒಂದೊಂದಾಗಿ ಇಟಲಿಯವೇ ಆಗತೊಡಗಿದವು. ಗ್ರೀಕ್ ಗಂಡನ ಜಾಗದಲ್ಲಿ ಬ್ರಗಾನಾ ಎಂಬ ದಪ್ಪನೆಯ, ಮಾತಾಳಿ ಹೋಟೆಲಿನವನು ಬಂದ. ಅವನಿಗೆ ವೆರ್ದಿಯ ಆಪೆರಾ ಎಂದರೆ ಪ್ರಾಣ, ಆಂಕೋನಾದ ಹಾಡುಗಾರಿಕೆ ಸ್ಪರ್ಧೆಯಲ್ಲಿ ಹಾಡಿ ಹಿಗ್ಗುತ್ತಾನೆ, ಮನೆಗೊಂದು ಮಗು ಬೇಕೆಂದು ಹಂಬಲಿಸುತ್ತಾನೆ. ಕೊಲ್ಲಬೇಕಾದವನನ್ನು ಇಷ್ಟು ಹತ್ತಿರದಿಂದ, ಇಷ್ಟು ಜೀವಂತವಾಗಿ ತೋರಿಸಿದ್ದರಿಂದ ಕೊಲೆಯ ಭಾರ ಪ್ರೇಕ್ಷಕನ ಮೇಲೂ ಬೀಳುತ್ತದೆ. ಹೆಂಡತಿ ಜೊವಾನ್ನಾ ಪಾತ್ರದಲ್ಲಿ ಕ್ಲಾರಾ ಕಲಮಾಯ್ ಇದ್ದಾರೆ. ಗಂಡ ಸತ್ತ ಬಳಿಕ ಹೋಟೆಲಿನಲ್ಲಿ ಜನಜಂಗುಳಿ ಸೇರಿ ಚದುರಿದ ರಾತ್ರಿ, ಆಕೆ ತೊಳೆಯದ ತಟ್ಟೆಗಳ ರಾಶಿಯ ನಡುವೆ ಸೂಪು ಬಡಿಸಿಕೊಂಡು ಕುಳಿತು, ಪತ್ರಿಕೆ ಹಿಡಿದೇ ತೂಕಡಿಸುವ ದೃಶ್ಯವನ್ನು ನೆನಪಿಸಿಕೊಳ್ಳಿ. ಅಲ್ಲಿ ಸಂಚಿನ ಹೆಣ್ಣು ಇಲ್ಲ. ದಿನವಿಡೀ ದುಡಿದು ಸೋತು ಹೋದ ಹೆಂಗಸಿದ್ದಾಳೆ. ಕಥೆ ಮುಂದಕ್ಕೆ ಓಡಲು ಆ ದೃಶ್ಯ ಬೇಕಾಗಿಯೇ ಇರಲಿಲ್ಲ, ಅಮೆರಿಕದ ಚಿತ್ರವಾಗಿದ್ದರೆ ಅದನ್ನು ಕತ್ತರಿಸಿಬಿಡುತ್ತಿದ್ದರು.

ಕಾದಂಬರಿಯಲ್ಲಿ ಇಲ್ಲದ ಪಾತ್ರವೊಂದನ್ನೂ ಅವರು ಸೇರಿಸಿದರು. ಜಾತ್ರೆಯಿಂದ ಜಾತ್ರೆಗೆ ತಿರುಗುವ ‘ಸ್ಪೇನಿನವನು’ ರೈಲಿನಲ್ಲಿ ದುಡ್ಡಿಲ್ಲದೆ ಸಿಕ್ಕಿಬಿದ್ದ ಜೀನೊಗೆ ಟಿಕೆಟ್ಟಿನ ಹಣ ಕೊಟ್ಟು, ಮನೆ, ಹೆಣ್ಣು, ಆಸ್ತಿ ಇವುಗಳ ಕಟ್ಟು ಇಲ್ಲದ ಬದುಕಿಗೆ ಕರೆಯುತ್ತಾನೆ. 1930ರ ದಶಕದ ಸ್ಪೇನ್ ಎಂದರೆ ಫ್ಯಾಸಿಸ್ಟರ ವಿರುದ್ಧ ಅಂತರ್ಯುದ್ಧ ನಡೆದ ನೆಲ ಎಂಬುದು ಅಂದಿನ ಇಟಲಿಯ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾದ ವಿಷಯವಾಗಿರಲಿಲ್ಲ. ಕೇನ್ ಅವರ ನಾಯಕನಿಗೆ ರಸ್ತೆ ಎಂದರೆ ಅಭ್ಯಾಸ ಮಾತ್ರ. ವಿಸ್ಕೊಂಟಿಯವರಲ್ಲಿ ಅದು ಆಯ್ಕೆಯಾಗಿ ಮುಂದೆ ನಿಲ್ಲುತ್ತದೆ, ಜೀನೊ ಅದನ್ನು ಕೈಬಿಡುತ್ತಾನೆ. ಅಧಿಕಾರಿಗಳಿಗೂ ಇದು ತಿಳಿಯಿತು. ಚಿತ್ರ 1943ರಲ್ಲಿ ತೆರೆಗೆ ಬಂದಾಗ ಅನೇಕ ಊರುಗಳಲ್ಲಿ ಅದನ್ನು ತಡೆದರು, ಚರ್ಚಿನವರು ವಿರೋಧಿಸಿದರು. ಚಿತ್ರಕಥೆಯಲ್ಲಿ ಕೈಜೋಡಿಸಿದ್ದ ಅಲಿಕಾತಾ ಅಷ್ಟರೊಳಗೆ ರಾಜಕೀಯ ಕಾರಣಕ್ಕೆ ಬಂಧನದಲ್ಲಿದ್ದರು. ವಿಸ್ಕೊಂಟಿ ತಮ್ಮ ಬಳಿ ಉಳಿಸಿಕೊಂಡಿದ್ದ ನಕಲು ನೆಗೆಟಿವ್‌ನಿಂದಾಗಿ ಚಿತ್ರ ಇಂದಿಗೂ ನಮಗೆ ಲಭ್ಯವಿದೆ.

ಪ್ರಶ್ನೆ: ನಾನು ವೃತ್ತಿಯಿಂದ ವಕೀಲ. ಕೇನ್ ಅವರ ಕಾದಂಬರಿಯಲ್ಲಿ ನನಗೆ ಬಹಳ ಹಿಡಿಸಿದ್ದು ವಿಮಾ ಕಂಪನಿಗಳ ಮತ್ತು ವಕೀಲರ ಆಟ. ಇಟಲಿಯ ಚಿತ್ರದಲ್ಲಿ ಅದೆಲ್ಲ ಹೋಗಿಬಿಟ್ಟಿದೆ. ಇದನ್ನು ನಷ್ಟವೆಂದು ಎಣಿಸಬೇಕಲ್ಲವೇ? — ಮಂಗಳೂರಿನ ಓದುಗರು

ಉತ್ತರ: ನಷ್ಟವೇ ಸರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾದಂಬರಿಯ ನಡುಭಾಗದಲ್ಲಿ ಪ್ರಾಸಿಕ್ಯೂಟರ್ ಪ್ರೇಮಿಗಳನ್ನು ಒಬ್ಬರ ವಿರುದ್ಧ ಒಬ್ಬರನ್ನು ಎತ್ತಿಕಟ್ಟುತ್ತಾನೆ, ಅವರ ವಕೀಲ ಅದನ್ನು ಮೀರಿಸುವ ಪಟ್ಟು ಹಾಕುತ್ತಾನೆ, ಕಡೆಗೆ ವಿಮಾ ಕಂಪನಿಗಳು ತಮ್ಮ ತಮ್ಮ ನಷ್ಟದ ಲೆಕ್ಕ ಹಾಕಿ ಒಳಗೊಳಗೇ ರಾಜಿಗೆ ಬಂದುಬಿಡುತ್ತವೆ. ಸತ್ತವನ ಬಗ್ಗೆ ಯಾರಿಗೂ ಚಿಂತೆಯಿಲ್ಲ. 1927ರಲ್ಲಿ ನ್ಯೂಯಾರ್ಕಿನ ರುತ್ ಸ್ನೈಡರ್ ಎಂಬ ಹೆಂಗಸು ಪ್ರಿಯಕರನ ಜೊತೆ ಸೇರಿ ವಿಮೆ ಮಾಡಿಸಿದ್ದ ಗಂಡನನ್ನು ಕೊಂದ ಪ್ರಕರಣ ಅಮೆರಿಕದ ಪತ್ರಿಕೆಗಳನ್ನು ತುಂಬಿತ್ತು. ಕೇನ್ ಅವರ ಕಲ್ಪನೆಗೆ ಅದು ಬೀಜವಾಯಿತು. ಮನುಷ್ಯನ ಸಾವಿಗೆ ಬೆಲೆ ಕಟ್ಟುವ ವ್ಯವಹಾರ ಅಲ್ಲಿನ ದಿನಬಳಕೆಯ ಭಾಗವಾಗಿದ್ದುದರಿಂದ ಆ ನಡುಭಾಗಕ್ಕೆ ಅಷ್ಟು ಹರಿತ ಬಂದಿತು.

ಗಡಿ ದಾಟುವಾಗ ಮೊದಲು ಉದುರಿಹೋಗುವುದು ಈ ಭಾಗವೇ. ಕೊಲೆಯ ಯೋಜನೆಯನ್ನು ಯಾವ ನಾಡಿಗಾದರೂ ಹೊತ್ತುಕೊಂಡು ಹೋಗಬಹುದು, ಆದರೆ ಆ ಕೊಲೆಯನ್ನು ಲಾಭದಾಯಕವಾಗಿಯೋ ಅನಿವಾರ್ಯವಾಗಿಯೋ ಕಾಣಿಸುವ ಕಾನೂನು, ಸಾಲ, ಮಾನಮರ್ಯಾದೆಗಳ ಒತ್ತಡ ಆಯಾ ನಾಡಿನದೇ ಆಗಿರುತ್ತದೆ. ಮೂಲದ ಒತ್ತಡ ಹೊಸ ನೆಲದಲ್ಲಿ ಇಲ್ಲದಿದ್ದರೆ ಅದರ ಬದಲಿಗೆ ಅಲ್ಲಿಯದೇ ಒತ್ತಡವೊಂದನ್ನು ಹುಡುಕಬೇಕು. ವಿಸ್ಕೊಂಟಿ ಹುಡುಕಿದ್ದು ಹೊಟ್ಟೆಪಾಡನ್ನು: ಮದುವೆಗೆ ಮೊದಲು ಒಪ್ಪೊತ್ತಿನ ಊಟಕ್ಕಾಗಿ ಗಂಡಸರ ಹಂಗಿನಲ್ಲಿ ಬದುಕಿದ ಜೊವಾನ್ನಾ ಹೋಟೆಲನ್ನು ಬಿಟ್ಟು ರಸ್ತೆಗಿಳಿಯಲು ಹೆದರುತ್ತಾಳೆ. ನ್ಯಾಯಾಲಯದ ಕೆಲಸವನ್ನು ಈ ಹೆದರಿಕೆಯೇ ಮಾಡುತ್ತದೆ.

ಕಾನೂನನ್ನು ಬಿಡದೆ, ಅದನ್ನೇ ಕೇಂದ್ರಕ್ಕೆ ತಂದ ರೂಪಾಂತರವೂ ಒಂದಿದೆ. ವಕೀಲರಾದ ನೀವು ಅದನ್ನು ನೋಡಲೇಬೇಕು. ಎಡ್ ಮೆಕ್‌ಬೇನ್ ಅವರ ‘ಕಿಂಗ್ಸ್ ರ‍್ಯಾನ್ಸಮ್’ (1959) ಎಂಬ ಅಮೆರಿಕದ ಪೊಲೀಸ್ ಕಾದಂಬರಿಯನ್ನು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1963ರಲ್ಲಿ ‘ಹೈ ಅಂಡ್ ಲೋ’ ಎಂದು ಜಗತ್ತಿಗೆ ಪರಿಚಿತವಾದ ಚಿತ್ರವಾಗಿಸಿದರು. ಬೂಟು ಕಂಪನಿಯ ದೊಡ್ಡ ಅಧಿಕಾರಿಯ ಮಗನೆಂದು ತಪ್ಪು ತಿಳಿದು ಅಪಹರಣಕಾರರು ಅವನ ಚಾಲಕನ ಮಗನನ್ನು ಒಯ್ಯುತ್ತಾರೆ. ಅಮೆರಿಕದ ಕಾದಂಬರಿಯ ಕಿಂಗ್ ಹಣ ಕೊಡಲು ಒಪ್ಪುವುದಿಲ್ಲ. ಚಿತ್ರದಲ್ಲಿ ಅವನ ಜಾಗದಲ್ಲಿರುವ, ತೊಶಿರೊ ಮಿಫುನೆ ನಟಿಸಿದ ಗೊಂಡೊ, ಆಸ್ತಿಯನ್ನೆಲ್ಲ ಅಡವಿಟ್ಟು ಕೂಡಿಸಿದ ಹಣವನ್ನು ಪರರ ಮಗುವಿಗಾಗಿ ಕೊಟ್ಟು ಬರಿಗೈಯಾಗುತ್ತಾನೆ. ಈ ಒಂದು ತಿರುವಿನಿಂದ ಕಥೆಯ ಪ್ರಶ್ನೆಯೇ ಬದಲಾಯಿತು. ‘ಕೊಡುತ್ತಾನೋ ಇಲ್ಲವೋ’ ಎಂಬುದು ಅರ್ಧ ಚಿತ್ರದೊಳಗೇ ತೀರಿಹೋಗಿ, ಬೆಟ್ಟದ ಮೇಲಿನ ಅವನ ತಂಪು ಮನೆಯನ್ನು ಯೊಕೊಹಾಮಾದ ಬೇಯುವ ಕೊಳೆಗೇರಿಯಿಂದ ನೋಡಿ ಕುದಿಯುತ್ತಿದ್ದ ಅಪಹರಣಕಾರನ, ಬಡ ತರಬೇತಿ ವೈದ್ಯನೊಬ್ಬನ ಕಥೆ ಮೇಲೆ ಬಂದಿತು.

ಅಪಹರಣಕ್ಕೆ ಜಪಾನಿನ ಕಾನೂನು ವಿಧಿಸುತ್ತಿದ್ದ ಶಿಕ್ಷೆ ಸಾಲದೆಂಬ ಸಿಟ್ಟು ಕುರೊಸಾವಾ ಅವರಿಗಿತ್ತು. ಚಿತ್ರದ ಪೊಲೀಸರು ಅಪರಾಧಿಯನ್ನು ಗುರುತಿಸಿದ ಮೇಲೂ ಕೂಡಲೇ ಹಿಡಿಯುವುದಿಲ್ಲ. ಅವನ ಕೊಲೆಗಡುಕತನಕ್ಕೆ ಪುರಾವೆ ಸಿಕ್ಕಿ ಮರಣದಂಡನೆಯಾಗಲೆಂದು ಸಡಿಲ ಬಿಟ್ಟು ಹಿಂಬಾಲಿಸುತ್ತಾರೆ, ಆ ಹೊತ್ತಿನಲ್ಲಿ ಅಮಲಿಗೆ ದಾಸಳಾದ ಬಡ ಹೆಂಗಸೊಬ್ಬಳು ಅವನ ಕೈಯಲ್ಲಿ ಸಾಯುತ್ತಾಳೆ. ಆ ಸಾವಿನ ಹೊಣೆಯನ್ನು ಚಿತ್ರ ಪೊಲೀಸರ ಮೇಲೆ ಹೊರಿಸಬೇಕಾಗಿತ್ತೆಂದೂ, ಹೊರಿಸದೆ ಸಾಗಿಹೋದದ್ದು ಅದರ ದೊಡ್ಡ ಕೊರತೆಯೆಂದೂ ನನಗೆ ತೋರುತ್ತದೆ. ಒತ್ತೆಹಣಕ್ಕಾಗಿ ಮಾಡುವ ಅಪಹರಣವನ್ನು ಜಪಾನ್ 1964ರಲ್ಲಿ ತನ್ನ ದಂಡಸಂಹಿತೆಗೆ ಪ್ರತ್ಯೇಕ ಅಪರಾಧವಾಗಿ ಸೇರಿಸಿತು. 1963ರಲ್ಲಿಯೇ ಮಗುವೊಂದರ ನಿಜವಾದ ಅಪಹರಣ ಮತ್ತು ಕೊಲೆ ಆ ದೇಶವನ್ನು ಕಲಕಿತ್ತು.

ಪ್ರಶ್ನೆ: ವಿಸ್ಕೊಂಟಿ ಅನುಮತಿ ಪಡೆಯದೆ ಚಿತ್ರ ಮಾಡಿದರಂತೆ. ಹೌದೇ? — ಮೈಸೂರಿನ ಓದುಗರು

ಉತ್ತರ: ಹೌದು. ಯುದ್ಧಕಾಲದಲ್ಲಿ ಶತ್ರುದೇಶದ ಲೇಖಕರಿಂದ ಹಕ್ಕು ಪಡೆಯುವ ದಾರಿಯಿರಲಿಲ್ಲ. ಕಾದಂಬರಿಯನ್ನು ಚಿತ್ರವಾಗಿಸುವ ಹಕ್ಕು ಹಾಲಿವುಡ್ಡಿನ ಎಂಜಿಎಂ ಸಂಸ್ಥೆಯ ಬಳಿ ಇದ್ದುದರಿಂದ ಇಟಲಿಯ ಚಿತ್ರ 1970ರ ದಶಕದವರೆಗೆ ಅಮೆರಿಕದ ಪ್ರೇಕ್ಷಕರಿಗೆ ಸಿಗಲಿಲ್ಲ. ಕುರೊಸಾವಾ ಮೆಕ್‌ಬೇನ್ ಅವರ ಹೆಸರನ್ನು ಚಿತ್ರದಲ್ಲಿಯೇ ಕೊಟ್ಟರು. ಅದೇ ಕುರೊಸಾವಾ ಅವರ ಸಮುರಾಯ್ ಚಿತ್ರ ‘ಯೊಜಿಂಬೊ’ವನ್ನು ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೊನೆ ಕೇಳದೆ ಎತ್ತಿಕೊಂಡು 1964ರಲ್ಲಿ ಕೌಬಾಯ್ ಚಿತ್ರ ಮಾಡಿದಾಗ ವ್ಯಾಜ್ಯವಾಗಿ, ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಚಿತ್ರ ಎಷ್ಟೇ ಶ್ರೇಷ್ಠವಾಗಿರಲಿ, ಮೂಲ ಲೇಖಕರ ಹೆಸರನ್ನೂ ಪಾಲನ್ನೂ ಅವರಿಗೆ ಸಲ್ಲಿಸಬೇಕೆಂಬ ನನ್ನ ನಿಲುವು ಇದರಿಂದ ಬದಲಾಗುವುದಿಲ್ಲ.

ಪ್ರಶ್ನೆ: ನ್ವಾರ್ ಎಂದರೆ ಮಳೆಯ ರಾತ್ರಿ, ಒದ್ದೆ ರಸ್ತೆ, ಟೋಪಿ, ಸಿಗರೇಟಿನ ಹೊಗೆ, ನಾಯಕನ ಹಿನ್ನೆಲೆ ಮಾತು ಎಂದು ತಿಳಿದಿದ್ದೆ. ಇವನ್ನೆಲ್ಲ ಬಿಟ್ಟರೆ ಅದು ನ್ವಾರ್ ಆಗಿ ಉಳಿಯುತ್ತದೆಯೇ? — ಬೆಂಗಳೂರಿನ ಓದುಗರು

ಉತ್ತರ: ಉಳಿಯುತ್ತದೆ. ನೀವು ಹೇಳಿದವು ಹಾಲಿವುಡ್ಡಿನ ಸ್ಟುಡಿಯೋಗಳು 1940ರ ದಶಕದಲ್ಲಿ ಕಂಡುಕೊಂಡ ಉಪಾಯಗಳು. ಕೇನ್ ಅವರ ಕಥೆಯ ಬಹುಭಾಗ ಕ್ಯಾಲಿಫೋರ್ನಿಯಾದ ಉರಿಬಿಸಿಲಿನಲ್ಲಿಯೇ ನಡೆಯುತ್ತದೆ. ಅದೇ ಕಾದಂಬರಿಯಿಂದ ಮಾಡಿದ 1946ರ ಅಮೆರಿಕನ್ ಚಿತ್ರದಲ್ಲಿಯೂ ಕೋರಾ ಪಾತ್ರದ ಲಾನಾ ಟರ್ನರ್ ಬಹುಪಾಲು ಬಿಳಿಯ ಉಡುಪಿನಲ್ಲಿಯೇ ಕಾಣಿಸಿಕೊಳ್ಳುತ್ತಾರೆ. ಪೋ ನದಿಯ ಒಡ್ಡಿನ ಮೇಲಿನ ಬಿಳಿಚಿದ ಬೆಳಕು, ಯೊಕೊಹಾಮಾದ ಬೇಸಗೆಯಲ್ಲಿ ಪೊಲೀಸರು ಬೆವರೊರೆಸಿಕೊಳ್ಳುತ್ತ ಮನೆಮನೆ ಅಲೆಯುವ ಪರಿ, ಇವು ಯಾವ ಕತ್ತಲೆಗೂ ಕಡಿಮೆಯಲ್ಲದ ಕಳವಳವನ್ನು ಹುಟ್ಟಿಸುತ್ತವೆ.

ನಾಯಕನ ಮಾತಿನ ವಿಷಯ ಮಾತ್ರ ಕಷ್ಟದ್ದು. ಕೇನ್ ಅವರ ಕಾದಂಬರಿಯನ್ನು ಹೇಳುತ್ತಿರುವವನು ಫ್ರಾಂಕ್; ಅವನು ಗಲ್ಲಿಗೇರುವುದನ್ನು ಕಾಯುತ್ತ ಇದನ್ನು ಬರೆದಿದ್ದಾನೆಂಬುದು ಕೊನೆಯ ಪುಟಗಳಲ್ಲಿ ತಿಳಿಯುತ್ತದೆ. ಚುಟುಕು ವಾಕ್ಯ, ವಿವರಣೆಯಿಲ್ಲದ ಸಂಭಾಷಣೆ, ತನ್ನ ಬಗ್ಗೆಯೇ ಅರ್ಧ ಕುರುಡಾದ ಆ ದನಿ ಕಾದಂಬರಿಯ ಜೀವಾಳ. 1946ರ ಚಿತ್ರ ಅದನ್ನು ಹಿನ್ನೆಲೆ ಮಾತಾಗಿ ಉಳಿಸಿಕೊಂಡಿತು, ವಿಸ್ಕೊಂಟಿ ಪೂರ್ತಿ ಕೈಬಿಟ್ಟರು. ಅದರ ಜಾಗದಲ್ಲಿ ಅವರು ಕಣ್ಣುಗಳನ್ನು ತಂದರು. ಜೀನೊ ಲಾರಿಯಿಂದಿಳಿದು ಹೋಟೆಲಿನೊಳಗೆ ಬರುವವರೆಗೂ ನಾವು ಅವನ ಮುಖವನ್ನು ಸರಿಯಾಗಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಜೊವಾನ್ನಾ ತಲೆಯೆತ್ತಿ ನೋಡಿದಾಗಲೇ, ಅವಳೊಂದಿಗೇ, ನಮಗೂ ಅವನು ಕಾಣುತ್ತಾನೆ. ಒಬ್ಬ ಗಂಡಸು ಹೇಳಿಕೊಂಡ ಕಥೆ ಆ ಕ್ಷಣದಿಂದ ಹೆಂಗಸಿನ ಕಥೆಯೂ ಆಗುತ್ತದೆ. ರೂಪಾಂತರದಲ್ಲಿ ಮೂಲಕ್ಕಿಂತ ಹೆಚ್ಚಿನದನ್ನು ಪಡೆಯುವುದು ಸಾಧ್ಯ ಎಂಬುದಕ್ಕೆ ನಾನು ಈ ಒಂದು ಶಾಟನ್ನು ತೋರಿಸುತ್ತೇನೆ.

ಪ್ರಶ್ನೆ: ನಾನು ಜರ್ಮನಿಯಲ್ಲಿ ನೆಲೆಸಿರುವ ಕನ್ನಡತಿ. ಇಲ್ಲಿಯ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರ ‘ಯೆರಿಖೋ’ (2008) ಚಿತ್ರಕ್ಕೂ ಇದೇ ಕಥೆ ಆಧಾರವೆಂದು ಕೇಳಿದೆ. ಅದರಲ್ಲಿ ಗಂಡನನ್ನು ತುರ್ಕಿ ಮೂಲದವನನ್ನಾಗಿ ಮಾಡಿದ್ದು ನನ್ನನ್ನು ಬಹಳ ಕಾಡಿತು. — ಬರ್ಲಿನ್‌ನ ಓದುಗರು

ಉತ್ತರ: ಕಾಡಬೇಕಾದದ್ದೇ, ಏಕೆಂದರೆ ಕೇನ್ ಅವರ ಕಾದಂಬರಿಯಲ್ಲಿ ಹುದುಗಿದ್ದ ನಂಜು ಅದರಲ್ಲಿ ಮತ್ತೆ ಮೇಲೆ ಬಂದಿದೆ. ಮೂಲದಲ್ಲಿ ಗಂಡನನ್ನು ಹೆಸರಿಗಿಂತ ಹೆಚ್ಚಾಗಿ ‘ಗ್ರೀಕ’ನೆಂದೇ ಕರೆಯುತ್ತಾರೆ, ತನ್ನನ್ನು ಮೆಕ್ಸಿಕೋದವಳೆಂದು ಜನ ತಿಳಿದಾರೆಂಬ ಆತಂಕ ಕೋರಾಳಿಗಿದೆ. ವಲಸಿಗನ ಮೇಲಿನ ತಾತ್ಸಾರ ಕೊಲೆಯನ್ನು ಸಲೀಸಾಗಿಸುತ್ತದೆ. 1946ರ ಹಾಲಿವುಡ್ ಚಿತ್ರ ಅವನನ್ನು ನಿಕ್ ಸ್ಮಿತ್ ಎಂದು ಬದಲಿಸಿ, ಸ್ವಂತ ದೇಶದ ಕಥೆಯಿಂದಲೇ ಆ ಮುಳ್ಳನ್ನು ಕಿತ್ತುಹಾಕಿತು. ಇಟಲಿಯಲ್ಲಿಯೂ ಅವನು ಪರಕೀಯನಾಗಿರಲಿಲ್ಲ. ಪೆಟ್ಸೋಲ್ಡ್ ಅವರ ಅಲಿ ಪೂರ್ವ ಜರ್ಮನಿಯ ಖಾಲಿಯಾಗುತ್ತಿರುವ ಊರುಗಳಲ್ಲಿ ತಿಂಡಿ ಅಂಗಡಿಗಳ ಸಾಲನ್ನೇ ನಡೆಸುವ ಶ್ರಮಜೀವಿ. ಅವನಿಗೆ ದುಡ್ಡಿದೆ, ತನ್ನದೆನ್ನುವ ನೆಲವಿಲ್ಲ. ಹೆಂಡತಿ ಲೌರಾಳ ಹಳೆಯ ಸಾಲವನ್ನು ಅವನು ವಹಿಸಿಕೊಂಡಿದ್ದಾನೆ, ಬಿಟ್ಟುಹೋದರೆ ಸಾಲ ಮತ್ತೆ ಅವಳ ತಲೆಗೆ. ಅಲೆಮಾರಿಯ ಜಾಗದಲ್ಲಿ ಅಫ್ಘಾನಿಸ್ತಾನದಿಂದ ಬಂದ, ಸೇನೆ ಹೊರಹಾಕಿದ ಸೈನಿಕನಿದ್ದಾನೆ. ದುಡ್ಡಿಲ್ಲದವರಿಗೆ ಪ್ರೀತಿಯೂ ಇಲ್ಲವೆಂದು ಲೌರಾ ಹೇಳುವಾಗ ಅದು ಸಿನಿಕತನವಾಗಿ ಕೇಳುವುದಿಲ್ಲ, ಲೆಕ್ಕ ನೋಡಿ ಹೇಳಿದ ಮಾತಾಗಿ ಕೇಳುತ್ತದೆ. ಕೊನೆಯಲ್ಲಿ ಸಂಚು ತಿಳಿದ ಅಲಿ ಏನು ಮಾಡುತ್ತಾನೆ ಎಂಬುದನ್ನು ನೋಡದವರಿಗಾಗಿ ಇಲ್ಲಿ ಬರೆಯುವುದಿಲ್ಲ. ಮೂಲದ ಅಂತ್ಯಕ್ಕಿಂತ ಅದು ಹೆಚ್ಚು ನ್ಯಾಯವಾಗಿದೆ ಎಂದಷ್ಟೇ ಹೇಳುತ್ತೇನೆ, ಏಕೆಂದರೆ ಕೊಲ್ಲಲ್ಪಡಬೇಕಾದವನು ಮೊದಲ ಬಾರಿಗೆ ಕಥೆಯ ಕೇಂದ್ರವಾಗುತ್ತಾನೆ.

ಪ್ರಶ್ನೆ: ಹಳೆಯ ಅಮೆರಿಕನ್ ಅಪರಾಧ ಕಥೆಯೊಂದನ್ನು ಮಲೆನಾಡಿಗೆ ತಂದು ಚಿತ್ರಕಥೆ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ? — ಶಿವಮೊಗ್ಗದ ಓದುಗರು

ಉತ್ತರ: ಪರದೇಶದ ಚಿತ್ರವನ್ನು ನಮ್ಮ ನೆಲಕ್ಕೆ ಒಗ್ಗಿಸಿದ ಉದಾಹರಣೆ ನಮ್ಮಲ್ಲಿಯೇ ಇದೆ. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ (1978) ನಿರ್ದೇಶಿಸಿದಾಗ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಋಣವನ್ನು ಮುಚ್ಚಿಡಲಿಲ್ಲ. ಆದರೆ ಶಂಕರ್ ನಾಗ್ ಅವರ ಕೂಲಿ ಸೈನಿಕ ಈ ನೆಲದ ಪಾಳೆಯಗಾರಿಕೆಯ ಜಗಳಗಳೊಳಗಿಂದಲೇ ಎದ್ದು ಬಂದಂತಿದ್ದಾನೆ.

ನಿಮ್ಮ ಕಥೆಯಲ್ಲಿ ಮೊದಲ ತೊಡಕು ಅಪರಿಚಿತನದು. ಕೇನ್ ಅವರ ಹೆದ್ದಾರಿಯಲ್ಲಿ ಬಂದು ನಿಂತವನ ಹಿಂದುಮುಂದನ್ನು ಯಾರೂ ಕೆದಕುವುದಿಲ್ಲ. ತೀರ್ಥಹಳ್ಳಿಯ ರಸ್ತೆ ಬದಿಯ ಹೋಟೆಲಿನಲ್ಲಿ ಎರಡನೆಯ ದಿನ ಕಾಣಿಸಿಕೊಂಡವನಿಗೆ ‘ಯಾವೂರು, ಯಾರ ಪೈಕಿ’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಇದನ್ನು ಅಡ್ಡಿಯೆಂದು ತಿಳಿದು ತಪ್ಪಿಸಲು ಹೋಗಬೇಡಿ, ಕಥೆಯ ಬಿಗಿ ಅಲ್ಲಿಯೇ ಇದೆ: ಅವನು ಹೇಳುವ ಮೊದಲ ಸುಳ್ಳು ಯಾವುದು, ಅದು ಯಾವ ನೆಂಟನ ಬಾಯಿಂದ ಒಡೆಯುತ್ತದೆ ಎಂದು ಯೋಚಿಸಿ. ಎರಡನೆಯದಾಗಿ, ಗಂಡ ಸತ್ತರೆ ಹೋಟೆಲು ಹೆಂಡತಿಯದಾಗುತ್ತದೆಂಬುದು ನಮ್ಮಲ್ಲಿ ಅಷ್ಟು ಸರಳವಲ್ಲ. ಜಾಗ ಯಾರ ಹೆಸರಿನಲ್ಲಿದೆ, ಮೈದುನಂದಿರು ಸುಮ್ಮನಿರುತ್ತಾರೆಯೇ, ಅತ್ತೆ ಬದುಕಿದ್ದಾರೆಯೇ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೊಲೆಯ ದೃಶ್ಯಕ್ಕೆ ಕೈಹಾಕಬೇಡಿ.

ಕಾನೂನಿನ ಭಾಗವನ್ನು ನಮ್ಮದನ್ನಾಗಿ ಮಾಡಲು ಸಾಧ್ಯವಿದೆ. ಅಮೆರಿಕದ ಜ್ಯೂರಿಯ ದೃಶ್ಯಗಳು ನಮ್ಮಲ್ಲಿ ಹೊಂದುವುದಿಲ್ಲ, ಜ್ಯೂರಿ ಪದ್ಧತಿಯೇ ಇಲ್ಲಿ ಉಳಿದಿಲ್ಲ. ಬದಲಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕಲಾಪವನ್ನು ಹೋಗಿ ನೋಡಿ. ಸತ್ತವನ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆ ನೋಡಿ ಪರಿಹಾರ ನಿಗದಿ ಮಾಡುವ ಆ ಕೋಣೆಯಲ್ಲಿ ಕೇನ್ ಅವರ ವಿಮಾ ಕಂಪನಿಗಳ ಆಟಕ್ಕೆ ಸಮನಾದ ವಸ್ತು ನಿಮಗೆ ಸಿಗುತ್ತದೆ. ಅಲ್ಲಿ ಕುಳಿತು ಕೇಳಿದ ಮಾತುಗಳು ಯಾವ ವಿದೇಶಿ ಚಿತ್ರಕ್ಕಿಂತಲೂ ನಿಮ್ಮ ಸಂಭಾಷಣೆಗೆ ಹೆಚ್ಚು ನೆರವಾಗುತ್ತವೆ.

ಇನ್ನು ಹಕ್ಕಿನ ವಿಷಯ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಎಣಿಸುತ್ತದೆ. ಅಮೆರಿಕದ ಮತ್ತೊಬ್ಬ ಅಪರಾಧ ಕಥೆಗಾರ ಡ್ಯಾಶಿಯಲ್ ಹ್ಯಾಮೆಟ್ 1961ರಲ್ಲಿ ತೀರಿಕೊಂಡರು, ಕೇನ್ ತೀರಿಕೊಂಡದ್ದು 1977ರಲ್ಲಿ; ಈ ಅಂತರ ನಿಮ್ಮ ಖರ್ಚಿನ ಲೆಕ್ಕವನ್ನೇ ಬದಲಿಸಬಲ್ಲದು. ಮೂಲ ದೇಶದ ಅವಧಿಯ ಎಣಿಕೆ ಬೇರೆ ರೀತಿಯದು, ಹೊರದೇಶದಲ್ಲಿ ಪ್ರದರ್ಶಿಸುವ ಆಸೆಯಿದ್ದರೆ ಅದೂ ಮುಖ್ಯವಾಗುತ್ತದೆ. ಯಾವ ಕಥೆ ಎಂಬುದನ್ನು ನೀವು ಪತ್ರದಲ್ಲಿ ತಿಳಿಸಿಲ್ಲ. ಯಾವುದೇ ಇರಲಿ, ಚಿತ್ರಕಥೆಯ ಮೊದಲ ಪುಟ ಬರೆಯುವುದಕ್ಕೆ ಮುಂಚೆಯೇ ಕೃತಿಸ್ವಾಮ್ಯ ಬಲ್ಲ ವಕೀಲರೊಬ್ಬರನ್ನು ಕಂಡು ಲಿಖಿತ ಅಭಿಪ್ರಾಯ ಪಡೆದುಕೊಳ್ಳಿ.